ಸೋರೆಬುರುಡೆ ಹಿಡಿದ ಗುರುಗಳು

ಬನ್ನಿ, ಹತ್ತಿರ ಬನ್ನಿ. ಹಿಂದೆ ಕೂತವರೂ ಸ್ವಲ್ಪ ಮುಂದೆ ಸರಿಯಿರಿ, ನನ್ನ ಗಂಟಲು ಮೊದಲಿನ ಹಾಗಿಲ್ಲ. ನಡುವೆ ಯಾರಾದರೂ ಆಕಳಿಸಿದರೆ ಕಥೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಆಮೇಲೆ ನನ್ನ ಕೇಳಬೇಡಿ.

ಕಣಗಿಲೆಕೋಟೆ ಅಂತ ಒಂದು ರಾಜ್ಯ. ಅಲ್ಲಿ ಬೊಮ್ಮರಾಯ ಅಂತ ಒಬ್ಬ ದೊರೆ. ದೊರೆ ಒಳ್ಳೆಯವನೇ, ಆದರೆ ಕಿವಿ ಹಗುರ. ಹತ್ತಿರ ಕೂತು ಯಾರು ಏನು ಊದಿದರೂ ಹೌದೌದು ಅಂತಿದ್ದ. ಆ ರಾಜ್ಯದ ಜನಕ್ಕೆ ಬಿಲ್ಲು ಅಂದರೆ ಪ್ರಾಣ. ಗಂಡು ಹೆಣ್ಣು ಅನ್ನದೆ ಎಲ್ಲರೂ ಬಿಲ್ಲು ಹಿಡಿಯೋರು. ವರ್ಷಕ್ಕೊಂದು ಸಲ ಕೋಟೆ ಬಯಲಲ್ಲಿ ಬಿಲ್ಲಿನ ಪಂದ್ಯ. ಗೆದ್ದವರು ಬಿಲ್ಲುಪಡೆಗೆ ನಾಯಕರು.

ಪಂದ್ಯಕ್ಕೆ ಒಂದು ಕಟ್ಟುಪಾಡು ಇತ್ತು. ಬಾಣ ಬಿಡೋ ಮುಂಚೆ ಬಿಲ್ಲುಗಾರ ತನ್ನ ಗುರುವಿನ ಹೆಸರನ್ನ ಬಯಲೆಲ್ಲ ಕೇಳೋ ಹಾಗೆ ಕೂಗಬೇಕು. ಕೂಗದೆ ಬಿಟ್ಟ ಬಾಣ ಗುರಿಯ ನಟ್ಟನಡುವೆ ನಾಟಿದರೂ ಲೆಕ್ಕಕ್ಕಿಲ್ಲ. ಗೆದ್ದವನಿಗೆ ನಾಯಕನ ಪಟ್ಟವಾದರೆ ಅವನ ಗುರುವಿಗೆ ದೊರೆ ಒಂದು ತುಂಡು ಭೂಮಿ ಉಂಬಳಿ ಬಿಡ್ತಿದ್ದ. ಹಿರಿಯರು ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ ನೋಡಿ.

ಚೆನ್ನಾಗಿರೋದು ಎಲ್ಲಿದೆಯೋ ಅಲ್ಲಿಗೆ ಬಾಯಿ ಹಾಕೋರು ಇದ್ದೇ ಇರ್ತಾರೆ. ಕೋಟೆಯ ಆಯುಧದ ಮನೆಗೆ ಭುಜಂಗಯ್ಯ ಅಂತ ಒಬ್ಬ ಯಜಮಾನ. ಕಿವಿಗೆ ಒಂಟಿ, ಕೈಗೆ ಕಡಗ, ಹೆಗಲಿಗೆ ಜರಿಶಲ್ಯ. ಬಿಲ್ಲುಗಳಿಗೆಲ್ಲ ಬೀಗ ಹಾಕೋನು ಅವನೇ, ತೆಗೆಯೋನು ಅವನೇ. ಆದರೆ ಒಂದು ದಿನವೂ ಬಾಣ ಬಿಟ್ಟವನಲ್ಲ, ಒಬ್ಬರಿಗೂ ಕಲಿಸಿದವನಲ್ಲ. ಪಂದ್ಯದ ಬಯಲಿನ ಬಾಗಿಲೂ ಅವನ ಕೈಯಲ್ಲೇ ಇತ್ತು. ಬಿಲ್ಲುಗಾರರು ಬಂದರೆ ಬಾಗಿಲಿಗೆ ಅಡ್ಡ ನಿಂತು, "ಒಳಗೆ ಹೋಗಿ ಯಾರ ಹೆಸರು ಕೂಗ್ತೀಯಪ್ಪಾ?" ಅಂತಿದ್ದ. "ನಮ್ಮ ಸೋದರಮಾವನ ಹೆಸರು" ಅಂದರೆ ಬಾಗಿಲು ಮುಚ್ಚೋದು. "ತಮ್ಮ ಹೆಸರೇ ಯಜಮಾನ್ರೇ" ಅಂದರೆ ತೆರೆಯೋದು. ವರ್ಷ ವರ್ಷ ಯಾರೇ ಗೆಲ್ಲಲಿ, ಉಂಬಳಿ ಭುಜಂಗಯ್ಯನ ಮನೆಗೆ! ಕಿವಿ ಹಗುರದ ದೊರೆಗೆ ಇದೊಂದೂ ಗೊತ್ತಿಲ್ಲ. "ಅಬ್ಬಾ, ನಮ್ಮ ಭುಜಂಗಯ್ಯ ಎಷ್ಟು ಜನಕ್ಕೆ ಕಲಿಸಿದ್ದಾನೆ" ಅಂತ ಬಾಯಿ ಬಿಟ್ಕೊಂಡು ನೋಡ್ತಿದ್ದ.

ಅದೇ ರಾಜ್ಯದ ಅಂಚಿನಲ್ಲಿ ಬಂಡೆಹಟ್ಟಿ ಅಂತ ಒಂದು ಊರು. ಅಲ್ಲಿ ಪಾಲಕ್ಕ ಅಂತ ಒಬ್ಬ ಹುಡುಗಿ. ನಮ್ಮ ಕಥೆ ಇವಳದು.

ಪಾಲಕ್ಕ ಚಿಕ್ಕವಳಿದ್ದಾಗ ಒಂದು ಕಡೆ ನಿಂತವಳಲ್ಲ, ಕೂತವಳಲ್ಲ. ಬೇಲಿ ಹಾರು, ಮರ ಹತ್ತು, ಬೈಸಿಕೋ, ಇಷ್ಟೇ ಕೆಲಸ. ಒಂದು ದಿನ ಬಿಲ್ಲು ಕಟ್ಟುವ ಕರಿಯಜ್ಜನ ಚಪ್ಪರದ ಕೆಳಗೆ ನುಗ್ಗಿದಳು. ಅಜ್ಜ ಬೈಯಲಿಲ್ಲ. ಹೊಸ ಬಿದಿರುಬಿಲ್ಲಿಗೆ ಹೆದೆ ಏರಿಸಿ, ಅವಳ ಕಿವಿ ಹತ್ತಿರ ಹಿಡಿದು ಬೆರಳಲ್ಲಿ ಮೀಟಿದ. ಗುಂಯ್ ಅಂತು. ಹುಡುಗಿಗೆ ಮೈಯೆಲ್ಲ ಜುಮ್ ಅಂತು.

"ಇನ್ನೊಂದ್ಸಲ ಅಜ್ಜಾ," ಅಂದಳು.

ಇನ್ನೊಂದು ಸಲ ಮೀಟಿದ. ಮತ್ತೊಂದು ಸಲ ಮೀಟಿದ. ಅವತ್ತಿಂದ ಹುಡುಗಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಬಿಲ್ಲು ಬೇಕು ಅಂತ ಒಂದೇ ಹಠ. ಕರಿಯಜ್ಜ ಬಿಲ್ಲು ಕೊಟ್ಟ, ಬಾಣ ಕೊಡಲಿಲ್ಲ. "ಎಳಿ, ಹಾಗೇ ಹಿಡ್ಕೊ, ಮೆಲ್ಲಗೆ ಇಳಿಸು. ಬರೀ ಹೆದೆ ಬಿಟ್ಟರೆ ಬಿಲ್ಲು ಸೀಳ್ತದೆ, ಬಿಲ್ಲಿಗೂ ನೋವಾಗ್ತದೆ ಕೂಸೇ." ಮಳೆಗಾಲ ಕಳೀತು, ಚಳಿಗಾಲ ಕಳೀತು, ಹುಡುಗಿ ಎಳೆದಳು, ಇಳಿಸಿದಳು. ಕೋಪ ಬಂದಾಗ ಅತ್ತಳು, ಅತ್ತು ಮತ್ತೆ ಎಳೆದಳು. ಬಾಣ ಕೊಟ್ಟ ದಿನ ಅವಳ ಮೊಣಕೈ ಅಲ್ಲಾಡಲೇ ಇಲ್ಲ.

ಆದರೆ ಬಿಟ್ಟ ಬಾಣ ಎಲ್ಲೋ ಹೋಯಿತು. "ಅದು ನನ್ನ ಪಾಠ ಅಲ್ಲ," ಅಂದ ಕರಿಯಜ್ಜ. "ಎಲ್ಲಜ್ಜಿ ಹತ್ತಿರ ಹೋಗು."

ಎಲ್ಲಜ್ಜಿ ಆಡು ಕಾಯುವ ಮುದುಕಿ. ಸೊಂಟಕ್ಕೆ ನೀರಿನ ಸೋರೆಬುರುಡೆ, ಬಾಯಿ ತುಂಬ ಬೈಗುಳ. ತೋಳ ಬಂದರೆ ಬಾಣದಲ್ಲೇ ಹೆದರಿಸಿ ಓಡಿಸೋಳು. ಅವಳು ಎಕ್ಕದ ಕಾಯಿ ಒಡೆದು ಅದರ ಹತ್ತಿಯನ್ನ ಗಾಳಿಗೆ ಬಿಟ್ಟಳು. "ನೋಡೇ ಮೂದೇವಿ, ಕಣ್ಣು ಯಾತಕ್ಕಿದೆ? ಇಲ್ಲಿ ಗಾಳಿ ಆ ಕಡೆಗೆ, ಅಲ್ಲಿ ಬಂಡೆ ಹತ್ತಿರ ಈ ಕಡೆಗೆ. ನಿನ್ನ ಬಾಣ ಎರಡು ಗಾಳಿ ದಾಟಬೇಕು." ಬೈತಾ ಬೈತಾ ಕಲಿಸಿದಳು. ಮಜ್ಜಿಗೆ ಕುಡಿಸಿ ಮತ್ತೆ ಬೈದಳು. ಪಾಲಕ್ಕ ಹುಲ್ಲಿನ ತುದಿ ನೋಡಿ ಗಾಳಿ ಹೇಳೋದು ಕಲಿತಳು.

ಮೂರನೆಯವನು ಮೌಲಾಸಾಬ, ಪಾಲಕ್ಕನ ಬಾಯಲ್ಲಿ ಸಾಬಜ್ಜ. ಹಿಂದೆ ಕೋಟೆಯಲ್ಲಿ ಸಿಪಾಯಿ ಆಗಿದ್ದವನು, ಒಂದು ಕಾಲು ಕುಂಟು. ಮಾತು ಕಡಿಮೆ. ಪಾಲಕ್ಕನ್ನ ಕೆರೆ ಏರಿ ಹಿಂದಕ್ಕೆ ಕರೆದೊಯ್ದ. ಪೊದೆಯಿಂದ ಗೌಜಲಕ್ಕಿ ಬಂತು. ಪಾಲಕ್ಕ ಬಾಣ ಹೂಡಿ ಎಳೆದಳು. ಹಕ್ಕಿ ಹಿಂದೆ ಮರಿಗಳೂ ಒಂದೊಂದಾಗಿ ಬಂದವು. ಬೆರಳು ಬಿಡಬೇಕು ಅನ್ನೋವಾಗ ಸಾಬಜ್ಜ ಮೆಲ್ಲಗೆ ಕೆಮ್ಮಿದ. ಅವಳು ಅವನ ಮುಖ ನೋಡಿದಳು, ಮರಿಗಳನ್ನ ನೋಡಿದಳು, ಬಾಣ ಇಳಿಸಿದಳು.

"ಈಗ ನೀನು ಬಿಲ್ಲುಗಾರ್ತಿ," ಅಂದ ಸಾಬಜ್ಜ. ಅಷ್ಟೇ ಅವನ ಪಾಠ.

ಆಮೇಲೆ ಮೂವರೂ ಸೇರಿ ಒಂದು ಪರೀಕ್ಷೆ ಮಾಡಿದರು. ಎಲ್ಲಜ್ಜಿಯ ಒಂದು ಹಳೇ ಸೋರೆಬುರುಡೆಯನ್ನ ಸರದಿ ಪ್ರಕಾರ ಕೈ ಚಾಚಿ ಹಿಡಿದು ನಿಂತರು. "ಹೊಡಿ" ಅಂದರು. ಪಾಲಕ್ಕ ಎತ್ತಿದ ಬಿಲ್ಲು ಇಳಿಸಿಬಿಟ್ಟಳು. "ನನಗೇ ಹೆದರಿಕೆ ಇಲ್ಲ, ನಿನಗೇನೇ?" ಅಂದಳು ಎಲ್ಲಜ್ಜಿ. ಮತ್ತೆ ಎತ್ತಿ ಹೊಡೆದಳು ಪಾಲಕ್ಕ. ಬುರುಡೆ ತೂತಾಯಿತು. ಬಂಡೆಹಟ್ಟಿಯಲ್ಲಿ ಕಲಿತವರ ಕೊನೇ ಪಾಠ ಇದು. ಕಲಿಸಿದವರು ಬುರುಡೆ ಹಿಡಿಯಬೇಕು, ಕಲಿತವರು ಹೊಡೀಬೇಕು.

ಹೀಗೆ ಕಲಿತ ಪಾಲಕ್ಕನಿಗೆ ಜೀವನದಲ್ಲಿ ಒಂದೇ ಆಸೆ. ನಾಯಕಿ ಆಗೋದು ಅಂತೀರಾ? ಅದೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ದೊಡ್ಡ ಆಸೆ, ಕೋಟೆ ಬಯಲಲ್ಲಿ ದೊರೆ ಮುಂದೆ, ಜನದ ಮುಂದೆ, ತನ್ನ ಗುರುಗಳ ಹೆಸರನ್ನ ಗಂಟಲು ಹರಿಯೋ ಹಾಗೆ ಕೂಗಬೇಕು. ಆ ಮೂರು ಜೀವಗಳ ಹೆಸರನ್ನ ಬಂಡೆಹಟ್ಟಿಯಿಂದಾಚೆ ಯಾರೂ ಕೇಳಿರಲಿಲ್ಲ. ಕೇಳಿಸಬೇಕು ಅಂತ ಇವಳು ಬೆಳೆದಳು.

ಪಂದ್ಯ ಹತ್ತಿರ ಬಂತು. ಪಾಲಕ್ಕನ ಕೈಚಳಕದ ಸುದ್ದಿ ಭುಜಂಗಯ್ಯನ ಕಿವಿಗೆ ಬಿತ್ತು. ಈ ಸಲ ಗೆಲ್ಲೋಳು ಇವಳೇ ಅಂತ ಅವನಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಸುಮ್ಮನಿರ್ತಾನಾ? ಬಂಡೆಹಟ್ಟಿಗೆ ಹೊರಟೇಬಿಟ್ಟ.

ಮೊದಲ ಸಲ ಬಂದಾಗ ತಟ್ಟೆ ತುಂಬ ಚಿರೋಟಿ, ಅದರ ಮೇಲೊಂದು ರೇಷ್ಮೆ ಸೀರೆ. "ಏನಮ್ಮಾ ಪಾಲಕ್ಕಾ, ನೀನು ನನ್ನ ಮಗಳ ಹಾಗೆ. ಪಂದ್ಯದಲ್ಲಿ ನನ್ನ ಹೆಸರು ಕೂಗಿಬಿಡು, ಆಯ್ತಾ?" ಅಂದ.

"ನಿಮ್ಮ ಹೆಸರು ಯಾಕೆ ಯಜಮಾನ್ರೇ? ನೀವು ನನಗೆ ಏನು ಕಲಿಸಿದ್ದೀರಿ?" ಅಂದಳು ಪಾಲಕ್ಕ. ತಟ್ಟೆ ಬಂದ ದಾರಿಯಲ್ಲೇ ವಾಪಸ್ಸು ಹೋಯಿತು.

ಎರಡನೇ ಸಲ ಬಂದಾಗ ತಟ್ಟೆ ಇರಲಿಲ್ಲ, ಮೀಸೆ ಮೇಲೆ ಕೈ ಇತ್ತು. "ಬಯಲಿನ ಬಾಗಿಲು ನನ್ನದು ಕಣೇ. ನನ್ನ ಹೆಸರು ಇಲ್ಲದೆ ನಿನ್ನ ಬಿಲ್ಲು ಹೊಸಿಲು ದಾಟಲ್ಲ. ಬಿಲ್ಲು ಮುರಿದು ಒಲೆಗೆ ಹಾಕ್ಕೊ."

"ಬಿಲ್ಲಿನ ಸುದ್ದಿಗೆ ಬಂದರೆ ಚೆನ್ನಾಗಿರಲ್ಲ," ಅಂದಳು ಪಾಲಕ್ಕ. ಅವಳ ಕಣ್ಣು ನೋಡಿ ಭುಜಂಗಯ್ಯ ಎರಡು ಹೆಜ್ಜೆ ಹಿಂದೆ ಸರಿದ.

ಮೂರನೇ ಸಲ ಅವನು ಪಾಲಕ್ಕನ ಮನೆಗೆ ಬರಲೇ ಇಲ್ಲ. ನೇರ ಕರಿಯಜ್ಜನ ಚಪ್ಪರಕ್ಕೆ ಹೋದ. ಎಲ್ಲಜ್ಜಿಯನ್ನೂ ಸಾಬಜ್ಜನನ್ನೂ ಅಲ್ಲಿಗೇ ಕರೆಸಿದ. "ನಿಮ್ಮ ಹುಡುಗಿ ಭವಿಷ್ಯ ನಿಮ್ಮ ಕೈಯಲ್ಲಿದೆ. ನಿಮ್ಮ ಹೆಸರು ಹಿಡ್ಕೊಂಡು ಕೂತರೆ ಅವಳು ಬಾಗಿಲಲ್ಲೇ ಮುದುಕಿ ಆಗ್ತಾಳೆ. ಬುದ್ಧಿ ಹೇಳಿ," ಅಂದು ಹೋದ. ನೋಡಿದಿರಾ ಕಿಲಾಡಿ! ಎಲ್ಲಿ ಕೈ ಇಟ್ಟರೆ ನೋಯುತ್ತೆ ಅಂತ ಅವನಿಗೆ ಗೊತ್ತಿತ್ತು.

ಸಂಜೆ ಪಾಲಕ್ಕ ಬಂದಾಗ ಮೂವರೂ ತಲೆ ತಗ್ಗಿಸಿ ಕೂತಿದ್ದರು.

"ಕೂಸೇ, ಅವನ ಹೆಸರೇ ಕೂಗಿಬಿಡು," ಅಂದ ಕರಿಯಜ್ಜ. "ನಮ್ಮ ಹೆಸರು ಕಟ್ಟಿಕೊಂಡು ನಾವೇನು ಮಾಡಬೇಕು? ನೀನು ಹೊಡೆಯೋದನ್ನ ಜನ ನೋಡಬೇಕು, ಅಷ್ಟು ಸಾಕು ನಮಗೆ."

"ಹೌದು ಕಣೇ," ಅಂದಳು ಎಲ್ಲಜ್ಜಿ. ಅವತ್ತು ಅವಳ ಬಾಯಲ್ಲಿ ಒಂದು ಬೈಗುಳವೂ ಬರಲಿಲ್ಲ. ಸಾಬಜ್ಜ ಬೇರೆ ಕಡೆ ಮುಖ ತಿರುಗಿಸಿದ.

ಪಾಲಕ್ಕನಿಗೆ ಸಿಟ್ಟು ಬಂತು, ಅಳುವೂ ಬಂತು. "ಅಜ್ಜಾ, ಬಿಲ್ಲು ಎತ್ತಿದರೆ ಸಾಕು, ನೀನು ಮೊಣಕೈ ಹಿಡಿದ ಹಾಗೆ ಆಗ್ತದೆ ನನಗೆ. ಅಜ್ಜೀ, ಗಾಳಿ ಬೀಸಿದರೆ ನೀನು ಬೈದ ಹಾಗೆ ಕೇಳಿಸ್ತದೆ. ಸಾಬಜ್ಜಾ, ನಿನ್ನ ಕೆಮ್ಮು ಇವತ್ತಿಗೂ ನನ್ನ ಬೆರಳು ಹಿಡೀತದೆ. ಇಷ್ಟೆಲ್ಲ ನನ್ನ ಮೈಯೊಳಗೆ ಇಟ್ಕೊಂಡು, ಬಾಯಲ್ಲಿ ಆ ಕಳ್ಳನ ಹೆಸರು ಕೂಗಲಾ? ಬಾಣ ನನ್ನ ಮಾತು ಕೇಳ್ತದಾ ಆಮೇಲೆ?"

ಎಲ್ಲಜ್ಜಿ ಸೆರಗಲ್ಲಿ ಮೂಗು ಒರೆಸಿಕೊಂಡು, ಸೊಂಟದ ಬುರುಡೆ ಬಿಚ್ಚಿ ನೀರು ಕೊಟ್ಟಳು. ಪಾಲಕ್ಕ ನೀರು ಕುಡಿದಳು. ಕುಡಿದು ಬುರುಡೆಯನ್ನ ತಿರುಗಿಸಿ ನೋಡಿದಳು. ನೋಡ್ತಾ ನೋಡ್ತಾ ಅವಳ ಮುಖದ ಮೇಲೆ ನಗು ಬಂತು.

"ನೀವು ಮೂವರೂ ಪಂದ್ಯ ನೋಡೋಕೆ ಬರ್ತೀರಿ. ಬುರುಡೆ ಮರೀಬೇಡಿ," ಅಂದಳು.

ಮಾರನೇ ದಿನ ತಾನೇ ಭುಜಂಗಯ್ಯನ ಮನೆ ಬಾಗಿಲಿಗೆ ಹೋದಳು. "ಯಜಮಾನ್ರೇ, ನಾನು ಹಳ್ಳಿಯವಳು, ನನ್ನ ಬಾಯಲ್ಲಿ ಬಂದರೆ ಏನು ತೂಕ? ದೊರೆ ಮುಂದೆ ನೀವೇ ಎದ್ದು ಹೇಳಿಬಿಡಿ, ಇವಳಿಗೆ ಕಲಿಸಿದವನು ನಾನು ಅಂತ. ನೀವು ಹೇಳೋವಾಗ ನಾನು ನಡುವೆ ಬಾಯಿ ಹಾಕಲ್ಲ. ನಮ್ಮ ಮೂರು ಜನ ಹಿರಿಯರನ್ನ ನೋಡೋಕೆ ಒಳಗೆ ಬಿಡಿ, ಅಷ್ಟೇ."

ಭುಜಂಗಯ್ಯ ಉಬ್ಬಿಹೋದ. ಹುಡುಗಿ ದಾರಿಗೆ ಬಂದಳು ಅಂದುಕೊಂಡ. "ಹಾಗೇ ಆಗಲಿ, ಬರಲಿ ಬಿಡು, ಮುದುಕರು ಎಲ್ಲಾದರೂ ಮೂಲೆಯಲ್ಲಿ ಕೂತ್ಕೊಳ್ಳಲಿ," ಅಂದ.

ಪಂದ್ಯದ ದಿನ ಬಂತು. ಬಯಲು ತುಂಬ ಜನ. ಮಂಟಪದಲ್ಲಿ ದೊರೆ, ಪಕ್ಕದಲ್ಲಿ ಹೊಸ ಶಲ್ಯ ಹೊದ್ದ ಭುಜಂಗಯ್ಯ. ಮೊದಲ ಬಿಲ್ಲುಗಾರ ಬಂದ. "ನನ್ನ ಗುರು ಭುಜಂಗಯ್ಯ" ಅಂತ ನೆಲ ನೋಡಿಕೊಂಡು ಕೂಗಿದ. ಬಾಣ ಹಲಗೆಯ ಅಂಚಿಗೆ ತಾಗಿತು. ಎರಡನೆಯವನು ಬಂದ. ಅವನೂ ನೆಲ ನೋಡಿಕೊಂಡು ಅದೇ ಹೆಸರು ಕೂಗಿದ. ಬಾಣ ಹಲಗೆ ದಾಟಿ ಹೋಯಿತು. ಮೂರನೆಯವಳು ಪಾಲಕ್ಕ. ಅವಳು ನೆಲ ನೋಡಲಿಲ್ಲ.

ಭುಜಂಗಯ್ಯ ಎದ್ದು ನಿಂತ. "ಮಹಾಸ್ವಾಮಿ, ಈ ಹುಡುಗಿ ನನ್ನ ಶಿಷ್ಯೆ. ಚಿಕ್ಕಂದಿನಿಂದ ಇವಳ ಕೈ ಹಿಡಿದು ಕಲಿಸಿದವನು ನಾನೇ," ಅಂದ. ಎದೆ ಎಷ್ಟು ಮುಂದೆ ಬಂದಿತ್ತು ಅಂದರೆ ಶಲ್ಯ ಜಾರಿಬಿತ್ತು.

"ಹೌದೇನಮ್ಮಾ?" ಅಂದ ದೊರೆ.

"ಬುದ್ಧೀ," ಅಂದಳು ಪಾಲಕ್ಕ, "ಅವರು ಹೇಳಿದ್ದು ಕೇಳಿಸಿಕೊಂಡಿರಿ. ಈಗ ನಮ್ಮ ಬಂಡೆಹಟ್ಟಿ ಪದ್ಧತಿ ಒಂದಿದೆ, ಅದನ್ನ ನಡೆಸಿಕೊಡಬೇಕು. ಹಲಗೆಗೆ ಬಾಣ ಬಿಡೋ ಮುಂಚೆ, ನಮಗೆ ಕಲಿಸಿದವರು ಸೋರೆಬುರುಡೆ ಹಿಡಿದು ನಿಲ್ಲಬೇಕು. ನಾವು ಅದನ್ನ ಹೊಡೀಬೇಕು. ಕಲಿಸಿದವರಿಗೆ ನಮ್ಮ ಕೈ ಗೊತ್ತಿರ್ತದೆ, ಅವರು ಹೆದರಲ್ಲ."

ಜನ ಗುಜುಗುಜು ಅಂದರು. ದೊರೆಗೆ ಮಜಾ ಅನ್ನಿಸಿತು. "ಒಳ್ಳೇ ಪದ್ಧತಿ! ಹೋಗು ಭುಜಂಗಯ್ಯಾ, ಬುರುಡೆ ಹಿಡಿ."

ಭುಜಂಗಯ್ಯ ತಟ್ಟನೆ ಭುಜ ಒತ್ತಿಕೊಂಡ. "ಮಹಾಸ್ವಾಮಿ, ನಿನ್ನೆಯಿಂದ ಭುಜ ಹಿಡ್ಕೊಂಡಿದೆ."

"ಇನ್ನೊಂದು ಕೈಯಲ್ಲಿ ಹಿಡಿ," ಅಂದ ದೊರೆ.

"ಮಹಾಸ್ವಾಮಿ, ಬಿಸಿಲು ಕಣ್ಣಿಗೆ ಹೊಡೀತಿದೆ."

"ಕಣ್ಣು ಮುಚ್ಕೊ. ಹೊಡೆಯೋಳು ಅವಳು, ನೀನಲ್ಲವಲ್ಲ."

"ಮಹಾಸ್ವಾಮಿ, ಇಂಥ ಶುಭದಿನದಲ್ಲಿ..."

"ಭುಜಂಗಯ್ಯಾ!" ಅಂದ ದೊರೆ. ದೊರೆಯ ಹಗುರ ಕಿವಿ ಅವತ್ತು ಮೊದಲ ಸಲ ಸ್ವಲ್ಪ ಭಾರವಾಯಿತು.

ಭುಜಂಗಯ್ಯ ಹೋದ. ಎಲ್ಲಜ್ಜಿಯ ಬುರುಡೆ ಹಿಡಿದು ಕೈ ಚಾಚಿ ನಿಂತ. ನಿಂತ ಅಂದೆನಾ? ಬುರುಡೆಯಿಂದ ಮುಖ ಆದಷ್ಟು ದೂರ ತಿರುಗಿಸಿ ಒಂದೊಂದೇ ಹೆಜ್ಜೆ ಹಿಂದೆ ಜರುಗ್ತಿದ್ದ. ಪಾಲಕ್ಕ ಬಾಣ ಹೂಡಿದಳು. ಮೆಲ್ಲಗೆ ಎಳೆದಳು. ಹೆದೆ ಕಿವಿವರೆಗೆ ಬಂತು.

"ಅಯ್ಯಯ್ಯೋ, ಬೇಡ ತಾಯೀ!" ಅಂತ ಕಿರುಚಿ ಬುರುಡೆ ಎಸೆದು ಭುಜಂಗಯ್ಯ ಕುಕ್ಕರಬಡಿದ. ತಲೆ ಮೇಲೆ ಎರಡೂ ಕೈ. "ನಾನು ಕಲಿಸಿಲ್ಲ! ಇವಳಿಗೂ ಕಲಿಸಿಲ್ಲ, ಯಾರಿಗೂ ಕಲಿಸಿಲ್ಲ! ಇವಳ ಕೈ ಹೆಂಗೋ ಏನೋ ನನಗೇನು ಗೊತ್ತು, ಹೊಡೀಬೇಡ ನಮ್ಮವ್ವಾ!"

ಪಾಲಕ್ಕ ಬಾಣ ಬಿಟ್ಟಿರಲೇ ಇಲ್ಲ. ಮೆಲ್ಲಗೆ ಇಳಿಸಿದಳು. ಜನ ನಕ್ಕ ನಗೆಗೆ ಕೋಟೆ ಮೇಲಿನ ಪಾರಿವಾಳ ಎಲ್ಲ ಹಾರಿಹೋದವು.

ದೊರೆಯ ಮುಖ ಕೆಂಪಾಯಿತು. "ಹಾಗಾದರೆ ಇವಳಿಗೆ ಕಲಿಸಿದವರು ಯಾರು?"

ಮೂಲೆಯಿಂದ ಮೂರು ಮುದಿಜೀವಗಳು ಎದ್ದವು. ಬಂದವರು ದೊರೆಗೆ ಕೈ ಮುಗಿಯೋದು ಬಿಟ್ಟು ಬುರುಡೆಗೆ ಜಗಳಕ್ಕೆ ಬಿದ್ದರು.

"ನಾನು ಹಿಡೀತೀನಿ," ಅಂದ ಕರಿಯಜ್ಜ.

"ನಿನ್ನ ಕೈ ನಡುಗ್ತದೆ ಮುದುಕಾ, ಕೊಡು ಇಲ್ಲಿ. ಬುರುಡೆ ನಂದು," ಅಂದಳು ಎಲ್ಲಜ್ಜಿ.

ಸಾಬಜ್ಜ ಬುರುಡೆ ಕಿತ್ತುಕೊಂಡು ಕುಂಟುತ್ತ ಹೊರಟ. ಉಳಿದಿಬ್ಬರೂ ಬೈದುಕೊಂಡು ಹಿಂದೆ ಓಡಿದರು. ಕೊನೆಗೆ ಮೂವರೂ ಒಟ್ಟಿಗೆ ಕೈ ಚಾಚಿ ಒಂದೇ ಬುರುಡೆ ಹಿಡಿದು ನಿಂತರು.

ಕೂಗೋ ಹೊತ್ತು ಬಂತು. ಡಂಗುರದವನು ಮುಂದೆ ಬಂದ. "ಒಬ್ಬರ ಹೆಸರು ಮಾತ್ರ ಕೂಗಬೇಕು. ಕಟ್ಟುಪಾಡು ಹಾಗಿದೆ," ಅಂದ.

"ಒಬ್ಬರ ಹೆಸರು ಕೂಗಿದರೆ ಇನ್ನಿಬ್ಬರಿಗೆ ನಾನು ದ್ರೋಹ ಮಾಡಿದ ಹಾಗೆ," ಅಂದಳು ಪಾಲಕ್ಕ. "ಬಾಣ ಲೆಕ್ಕಕ್ಕೆ ಬರದಿದ್ದರೂ ಚಿಂತೆ ಇಲ್ಲ, ನಾಯಕಿ ಆಗದಿದ್ದರೂ ಚಿಂತೆ ಇಲ್ಲ. ನಾನು ಮೂರೂ ಕೂಗೋಳೇ."

ಕೂಗಿದಳು. "ಬಂಡೆಹಟ್ಟಿಯ ಕರಿಯಜ್ಜ! ಬಂಡೆಹಟ್ಟಿಯ ಎಲ್ಲಜ್ಜಿ! ಬಂಡೆಹಟ್ಟಿಯ ಮೌಲಾಸಾಬ!" ಕೋಟೆಗೋಡೆಗೆ ಬಡಿದು ಒಂದೊಂದು ಹೆಸರೂ ವಾಪಸ್ಸು ಬಂತು. ತಮ್ಮ ಹೆಸರು ಅಷ್ಟು ದೊಡ್ಡದಾಗಿ ಆ ಮೂವರೂ ಜನ್ಮದಲ್ಲಿ ಕೇಳಿರಲಿಲ್ಲ. ಕರಿಯಜ್ಜನ ಕಣ್ಣಲ್ಲಿ ನೀರು ಬಂತು, ಆದರೆ ಒರೆಸಿಕೊಳ್ಳೋಕೆ ಕೈ ಖಾಲಿ ಇರಲಿಲ್ಲ.

ಪಾಲಕ್ಕ ಬಿಲ್ಲು ಎತ್ತಿದಳು. ಆದರೆ ಹೆದೆ ಎಳೆಯದೆ ನಿಂತುಬಿಟ್ಟಳು. ಎದುರಿಗೆ ಇರೋದು ಹಲಗೆ ಅಲ್ಲವಲ್ಲ, ಅವಳ ಮೂರು ಜೀವಗಳು.

"ಹೊಡಿಯೇ ಮೂದೇವಿ! ಕೈ ನೋಯ್ತಾ ಇದೆ!" ಅಂತ ಎಲ್ಲಜ್ಜಿ ಆ ಕಡೆಯಿಂದ ಕೂಗಿದಳು.

ಪಾಲಕ್ಕ ನಕ್ಕಳು. ಹೆದೆ ಎಳೆದಳು. ಹುಲ್ಲಿನ ತುದಿ ನೋಡಿದಳು, ಗಾಳಿ ನೋಡಿದಳು, ಬಿಟ್ಟಳು. ಫಟ್ ಅಂತ ಬುರುಡೆ ಎರಡು ಹೋಳಾಯಿತು. ಮೂವರ ಕೈಯಲ್ಲೂ ಒಂದು ಗೀರು ಕೂಡ ಇಲ್ಲ. "ಒಳ್ಳೇ ಬುರುಡೆ ಹಾಳುಮಾಡಿದಳು" ಅಂತ ಎಲ್ಲಜ್ಜಿ ಗೊಣಗ್ತಾನೇ ಇದ್ದಳು. ಎರಡನೇ ಬಾಣ ಹಲಗೆಯ ನಟ್ಟನಡುವೆ ನಾಟಿತು.

ದೊರೆ ಮಂಟಪ ಇಳಿದು ಬಂದ. "ಇವತ್ತಿಂದ ಕಟ್ಟುಪಾಡು ಬದಲಾಯಿತು. ಎಷ್ಟು ಜನ ಕಲಿಸಿದ್ದಾರೋ ಅಷ್ಟೂ ಹೆಸರು ಕೂಗಿ," ಅಂದ. ಮುಂಚೆ ಬಂದ ಇಬ್ಬರು ಬಿಲ್ಲುಗಾರರು ದೊರೆಯ ಕಾಲಿಗೆ ಬಿದ್ದು, ಬಾಗಿಲ ಬಳಿ ಭುಜಂಗಯ್ಯ ಮಾಡ್ತಿದ್ದ ಕೆಲಸ ಎಲ್ಲ ಬಾಯಿಬಿಟ್ಟರು. ಒಬ್ಬ ತನ್ನ ಸೋದರಮಾವನ ಹೆಸರು ಕೂಗಿದ, ಇನ್ನೊಬ್ಬ ತನ್ನ ತಾಯಿಯ ಹೆಸರು ಕೂಗಿದ. ಕೂಗಿ ಇಬ್ಬರೂ ಹಸುಗೂಸಿನ ಹಾಗೆ ಅತ್ತರು.

ಪಾಲಕ್ಕ ನಾಯಕಿಯಾದಳು. ಭುಜಂಗಯ್ಯ ನುಂಗಿದ್ದ ಭೂಮಿಯೆಲ್ಲ ಕಲಿಸಿದವರ ಮನೆಗಳಿಗೆ ವಾಪಸ್ಸಾಯಿತು. ಬಂಡೆಹಟ್ಟಿಯ ಮೂವರಿಗೂ ಉಂಬಳಿ ಬಂತು. "ಅಲ್ಲಿ ಆಡಿಗೆ ಹುಲ್ಲು ಇದೆಯಾ?" ಅಂತ ಎಲ್ಲಜ್ಜಿ ದೊರೆಯನ್ನೇ ಕೇಳಿದಳು.

ಇನ್ನು ಭುಜಂಗಯ್ಯ. "ಇವನನ್ನ ರಾಜ್ಯದಿಂದ ಓಡಿಸ್ತೀನಿ," ಅಂದ ದೊರೆ.

"ಬೇಡ ಬುದ್ಧಿ," ಅಂದಳು ಪಾಲಕ್ಕ. "ಪಾಪ, ಅವರಿಗೆ ಒಬ್ಬ ಗುರುವೂ ಸಿಗಲಿಲ್ಲ. ಸಿಕ್ಕಿದ್ದರೆ ಬೇರೆಯವರ ಗುರುವಿನ ಹೆಸರು ಕದಿಯೋಕೆ ಮನಸ್ಸು ಬರ್ತಿರಲಿಲ್ಲ. ಕರಿಯಜ್ಜನ ಚಪ್ಪರಕ್ಕೆ ಕಳಿಸಿ."

ಕಳಿಸಿದರು. ಕಡಗ ಬಿಚ್ಚಿಟ್ಟು ಭುಜಂಗಯ್ಯ ಬಿಲ್ಲು ಎಳೆದ, ಮೆಲ್ಲಗೆ ಇಳಿಸಿದ. ಎಳೆದ, ಇಳಿಸಿದ. ಮಳೆಗಾಲ ಕಳೀತು, ಚಳಿಗಾಲ ಕಳೀತು. "ಅಜ್ಜಾ, ಬಾಣ?" ಅಂತ ಕೇಳಿದರೆ, "ಆಗಲಿ ಮಗಾ, ಅವಸರ ಏನು?" ಅಂತಿದ್ದ ಕರಿಯಜ್ಜ. ಒಂದು ದಿನ ಎಳೆಯೋವಾಗ ಅವನ ಮೊಣಕೈ ಅಲ್ಲಾಡಲಿಲ್ಲ. ಅಜ್ಜ ಬೆನ್ನು ತಟ್ಟಿ "ಭೇಷ್" ಅಂದ. ಆ ಒಂದು ಮಾತಿಗೆ ಭುಜಂಗಯ್ಯ ಕೂತು ಗೊಳೋ ಅಂತ ಅತ್ತನಂತೆ. ತಾನು ಇಷ್ಟು ವರ್ಷ ಜನರ ಬಾಯಿಂದ ಏನು ಕಿತ್ತುಕೊಳ್ತಿದ್ದೆ ಅನ್ನೋದು ಅವನಿಗೆ ಅವತ್ತು ಗೊತ್ತಾಯಿತು.

ಇದಿಷ್ಟು ಕಥೆ. ನೀತಿ ಏನು ಅಂತ ನಾನು ಸುತ್ತಿ ಬಳಸಿ ಹೇಳೋದಿಲ್ಲ. ಕಲಿಸದೆ ಗುರು ಅನ್ನಿಸಿಕೊಳ್ಳೋಕೆ ಹೋಗಬೇಡಿ. ಕಲಿತ ಮೇಲೆ ಕಲಿಸಿದವರ ಹೆಸರು ನುಂಗಬೇಡಿ, ಅದು ಎಷ್ಟು ಸಣ್ಣ ಊರಿನ ಎಷ್ಟು ಸಣ್ಣ ಹೆಸರಾದರೂ ಸರಿ. ನಿಮಗೆ ಕೈ ಹಿಡಿದು ಏನೋ ಒಂದು ಕಲಿಸಿದವರು, ಕಲಿಯೋ ಆಸೆ ಹತ್ತಿಸಿದವರು ಇನ್ನೂ ಬದುಕಿದ್ದಾರಾ? ಹಾಗಾದರೆ ಇಲ್ಲಿ ನನ್ನ ಮುಖ ನೋಡ್ತಾ ಯಾಕೆ ಕೂತಿದ್ದೀರಿ? ಏಳಿ, ಹೋಗಿ ಅವರನ್ನ ಮಾತಾಡಿಸಿಕೊಂಡು ಬನ್ನಿ.